ಎರೆ, ಮಸಾರಿ, ಜಂಬಿಟ್ಟಿಗೆ: ಹೊಲದಲ್ಲಿ ಕಳೆದ ಒಡವೆಯನ್ನು ಮೆಟಲ್ ಡಿಟೆಕ್ಟರ್‌ನಿಂದ ಹುಡುಕುವ ಬಗೆ

ತೊಗರಿ ಕೊಯ್ಯುವಾಗ ನಮ್ಮ ಅತ್ತಿಗೆಯ ಒಂದು ಝುಮಕಿ ಹೊಲದಲ್ಲಿ ಬಿತ್ತು. ಆಳಂದ ಕಡೆಯ ಕರಿ ಎರೆ ಹೊಲ. ಬಿದ್ದದ್ದು ಗೊತ್ತಾಗಿದ್ದೇ ಸಂಜೆ ಮನೆಗೆ ಬಂದ ಮೇಲೆ. ಮನೆಮಂದಿಯೆಲ್ಲ ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದೆವು. ಆಮೇಲೆ ನಾನು ಒಂದು ಮೆಟಲ್ ಡಿಟೆಕ್ಟರ್ ತಂದೆ. ಮಾರಿದವರು ಹತ್ತು ಅಡಿ ಆಳದ ಬಂಗಾರವನ್ನೂ ಹಿಡಿಯುತ್ತದೆ ಎಂದಿದ್ದರು. ಹೊಲದಲ್ಲಿ ಇಳಿಸಿದ್ದೇ ತಡ, ಯಂತ್ರ ಚೀರಲು ಶುರು ಮಾಡಿತು. ಎತ್ತಿದರೆ ಸುಮ್ಮನಾಗುತ್ತದೆ, ಇಳಿಸಿದರೆ ಚೀರುತ್ತದೆ. ಯಂತ್ರವೇ ಕೆಟ್ಟಿದೆ ಅಂದುಕೊಂಡೆ. ಅದೇ ಯಂತ್ರವನ್ನು ಯಾದಗಿರಿ ಹತ್ತಿರ ನೆಂಟರ ಕೆಂಪು ಮಸಾರಿ ಹೊಲಕ್ಕೆ ಒಯ್ದಾಗ ತಣ್ಣಗೆ ಕೆಲಸ ಮಾಡಿತು. ಮಣ್ಣಲ್ಲಿ ಮುಚ್ಚಿಟ್ಟ ಉಂಗುರವನ್ನು ಒಂದೇ ಸಲಕ್ಕೆ ಹಿಡಿಯಿತು.

ಅಲ್ಲಿಂದ ಮುಂದೆ ನಾನು ಯಂತ್ರಕ್ಕಿಂತ ಜಾಸ್ತಿ ಮಣ್ಣನ್ನೇ ಓದಲು ಕಲಿತೆ. ಈಗ ಸುತ್ತಲಿನ ಊರುಗಳಲ್ಲಿ ಓಲೆ, ಕಾಲುಂಗುರ, ತಾಳಿ ಕಳೆದರೆ ನನ್ನನ್ನು ಕರೆಯುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಮಣ್ಣಿನಲ್ಲಿ ಈ ಕೆಲಸ ಹೇಗೆ ಮಾಡಬೇಕು ಎಂದು ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ. ನಿಧಿ ಹುಡುಕುವವರಿಗೆ ಇದರಲ್ಲಿ ಏನೂ ಇಲ್ಲ. ಆ ಮಾತು ಮುಂದೆ ಬರುತ್ತದೆ.

ಮೊದಲು ಯಂತ್ರ ಏನು ಮಾಡುತ್ತದೆ ಅಂತ ತಿಳಿಯಿರಿ

ಕೆಳಗಿನ ತಟ್ಟೆಯಂಥ ಭಾಗಕ್ಕೆ ಕಾಯಿಲ್ ಅನ್ನುತ್ತೇವೆ. ಅದರೊಳಗೆ ತಾಮ್ರದ ತಂತಿಯ ಎರಡು ಸುತ್ತುಗಳಿರುತ್ತವೆ. ಒಂದು ಸುತ್ತು ನೆಲದೊಳಗೆ ಕಾಂತಕ್ಷೇತ್ರ ಕಳಿಸುತ್ತದೆ. ಅದು ಒಂದು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತಿರುತ್ತದೆ. ಅದು ಲೋಹಕ್ಕೆ ತಾಗಿದಾಗ ಲೋಹದೊಳಗೆ ಸಣ್ಣ ವಿದ್ಯುತ್ ಸುಳಿ ಏಳುತ್ತದೆ. ಆ ಸುಳಿಯಿಂದ ಮರಳಿ ಬರುವ ಕ್ಷೇತ್ರವನ್ನು ಇನ್ನೊಂದು ಸುತ್ತು ಕೇಳಿಸಿಕೊಳ್ಳುತ್ತದೆ. ಉತ್ತರ ಎಷ್ಟು ಜೋರಾಗಿದೆ, ಎಷ್ಟು ತಡವಾಗಿ ಬಂತು ಎಂಬುದರ ಮೇಲೆ ಯಂತ್ರ ಇದು ಕಬ್ಬಿಣವೋ ಬೆಳ್ಳಿಯೋ ಎಂದು ಅಂದಾಜು ಮಾಡುತ್ತದೆ.

ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೆ ಮಣ್ಣೂ ಉತ್ತರ ಕೊಡುತ್ತದೆ. ಝುಮಕಿಯ ಉತ್ತರ ಪಿಸುಮಾತು, ಮಣ್ಣಿನದು ಸಂತೆಯ ಗದ್ದಲ. ಅದರ ಮೇಲೆ ಆಳದ ಲೆಕ್ಕವೂ ಕಠಿಣವಾಗಿದೆ. ಕಾಯಿಲ್‌ನ ಅಗಲಕ್ಕಿಂತ ಕೆಳಗೆ ಹೋದ ಸಣ್ಣ ವಸ್ತುವಿನ ಆಳ ಎರಡು ಪಟ್ಟಾದರೆ ಅದರ ಉತ್ತರ ಸುಮಾರು 64 ಪಟ್ಟು ಕುಗ್ಗುತ್ತದೆ. ಹಾಗಾಗಿ ಉಂಗುರವನ್ನು ಹತ್ತು ಅಡಿಯಲ್ಲಿ ಹಿಡಿಯುವ ಕೈಯಂತ್ರ ಇಲ್ಲ. ಸಾಧಾರಣ ಯಂತ್ರ ಒಳ್ಳೆಯ ಮಣ್ಣಲ್ಲಿ ಉಂಗುರವನ್ನು ಒಂದು ಗೇಣಿನ ಆಸುಪಾಸು ಹಿಡಿದರೆ ಅದೇ ದೊಡ್ಡದು. ಕೆಟ್ಟ ಮಣ್ಣಲ್ಲಿ ಅದರರ್ಧ ಅಂದುಕೊಳ್ಳಿ.

ನಮ್ಮ ಮಣ್ಣುಗಳು

ಆಳಂದ, ಔರಾದ್ ಕಡೆಯ ಕರಿ ಎರೆ ಹುಟ್ಟಿದ್ದು ಕಪ್ಪು ಬಸಾಲ್ಟ್ ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು, ಪದರು ಪದರಾಗಿ ಆರಿ ಆದ ಕಲ್ಲು ಅದು. ಅದರಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಇರುತ್ತದೆ, ಅಯಸ್ಕಾಂತಕ್ಕೆ ಅಂಟುತ್ತದೆ. ಕಲ್ಲು ಸವೆದು ಮಣ್ಣಾದರೂ ಖನಿಜ ಮಣ್ಣಲ್ಲೇ ಉಳಿಯಿತು. ನನ್ನ ಯಂತ್ರ ಚೀರಿದ್ದು ಅದಕ್ಕೇ.

ಎರೆಗೆ ಇನ್ನೊಂದು ಗುಣ ಇದೆ. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಹೊಲ ನಮ್ಮಲ್ಲಿ ಎಷ್ಟಿಲ್ಲ? ಮೇಲೆ ಬಿದ್ದ ಓಲೆ ಆ ಬಿರುಕಿನೊಳಗೆ ಜಾರಿದರೆ ಒಂದೇ ದಿನಕ್ಕೆ ಎರಡು ಗೇಣು ಕೆಳಗೆ ಹೋಗಬಹುದು. ಮುಂಗಾರು ಬಂದಾಗ ಬಿರುಕು ಬಾಯಿ ಮುಚ್ಚುತ್ತದೆ. ಎರೆ ಹೊಲದಲ್ಲಿ ಹುಡುಕುವವರು ಈ ಒಂದು ಮಾತನ್ನು ಮರೆಯಬಾರದು.

ಬೀದರಿನ ಕೆಂಪು ಜಂಬಿಟ್ಟಿಗೆಯ ಕಥೆ ಬೇರೆ. ಅಲ್ಲಿನ ಕೋಟೆಯ ಕಂದಕವನ್ನೇ ಆ ಕಲ್ಲಲ್ಲಿ ಕಡಿದಿದ್ದಾರೆ, ನೀವು ನೋಡಿರುತ್ತೀರಿ. ಜಂಬಿಟ್ಟಿಗೆ ಅಂದರೆ ಕಲ್ಲಿನೊಳಗಿನ ಬಾಕಿ ಅಂಶಗಳನ್ನು ಲಕ್ಷಾಂತರ ವರ್ಷಗಳ ಮಳೆ ತೊಳೆದು, ಕಬ್ಬಿಣ ಮತ್ತು ಅಲ್ಯುಮಿನಿಯಂ ಜಾಸ್ತಿ ಉಳಿದ ನೆಲ. ಚಿಂಚೋಳಿಯ ಎತ್ತರದ ಜಾಗಗಳಲ್ಲೂ ಇದೇ ಸಿಗುತ್ತದೆ. ಇಲ್ಲಿ ಇಡೀ ಮಣ್ಣು ಗದ್ದಲ ಮಾಡುವುದಕ್ಕಿಂತ ಕಾಟ ಕೊಡುವುದು ಬಿಡಿ ಹರಳುಗಳು. ಬಟಾಣಿ ಗಾತ್ರದ ಒಂದು ಕೆಂಪು ಹರಳು ಥೇಟ್ ಒಡವೆಯ ಹಾಗೆ ಕೂಗುತ್ತದೆ. ಅಗೆದರೆ ಕಲ್ಲು. ಹತ್ತು ಸಲ ಹೀಗಾದರೆ ಬೇಸರ ಬಂದು ಹನ್ನೊಂದನೆಯದನ್ನು ಬಿಟ್ಟುಬಿಡುತ್ತೇವೆ. ಅದಕ್ಕೇ ಜಂಬಿಟ್ಟಿಗೆ ನೆಲದಲ್ಲಿ ತಾಳ್ಮೆ ಎರಡರಷ್ಟು ಬೇಕು.

ಶಹಾಬಾದ್, ವಾಡಿ, ಸೇಡಂ ಕಡೆ ಕೆಳಗೆ ಸುಣ್ಣದ ಕಲ್ಲು. ಮನೆಯ ನೆಲಕ್ಕೆ ಹಾಸುವ ಈ ಪರ್ಸಿ ಕಲ್ಲಿನ ಮೇಲೆ ಮಣ್ಣು ತೆಳ್ಳಗಿರುವ ಜಾಗಗಳಲ್ಲಿ ಯಂತ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಸುಣ್ಣದ ಕಲ್ಲಲ್ಲಿ ಕಾಂತದ ಅಂಶ ತೀರ ಕಡಿಮೆ. ಯಾದಗಿರಿ, ಗುರುಮಠಕಲ್ ಕಡೆಯ ಗ್ರಾನೈಟ್ ಗುಡ್ಡಗಳ ಕೆಳಗಿನ ಮಸಾರಿಯೂ ಬಹುಮಟ್ಟಿಗೆ ಒಳ್ಳೆಯದೇ. ಹಳ್ಳದ ಉಸುಕಿನಲ್ಲಿ ಮಾತ್ರ ಕರಿ ಉಸುಕಿನ ಗೆರೆಗಳನ್ನು ನೋಡಿಕೊಳ್ಳಿ. ಅವೂ ಕಬ್ಬಿಣದವೇ.

ಶಹಾಪುರ, ಸುರಪುರದಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತ ಬಂತು, ಕೆಲವು ಕಡೆ ಸವಳೂ ಬಂತು. ಸವಳು ನೆಲ ಒಣಗಿದ್ದಾಗ ಪರವಾಗಿಲ್ಲ. ಹಸಿಯಾದರೆ ಉಪ್ಪುನೀರು ತಾನೇ ವಿದ್ಯುತ್ ಹರಿಸುತ್ತದೆ, ಆಗ ಯಂತ್ರಕ್ಕೆ ನೆಲವೇ ತೆಳ್ಳನೆಯ ಲೋಹದ ಹಾಳೆಯಂತೆ ಕೇಳುತ್ತದೆ. ನಿಮ್ಮ ಯಂತ್ರದಲ್ಲಿ ಬೀಚ್ ಮೋಡ್ ಇದ್ದರೆ ಇಲ್ಲಿ ಹಾಕಿ. ಅದು ಸಮುದ್ರದ ದಂಡೆಗೆಂದೇ ಇದ್ದದ್ದು, ಆದರೆ ಉಪ್ಪು ಎಲ್ಲಿದ್ದರೂ ಉಪ್ಪೇ ಅಲ್ವಾ.

ಅಯಸ್ಕಾಂತದ ಪರೀಕ್ಷೆ

ಹೊಲಕ್ಕೆ ಹೋದ ಕೂಡಲೇ ಯಂತ್ರ ತೆಗೆಯಬೇಡಿ. ಹಳೆಯ ಸ್ಪೀಕರಿನ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಒಣ ಮಣ್ಣಿನ ಮೇಲೆ ನಾಲ್ಕು ಹೆಜ್ಜೆ ಎಳೆಯಿರಿ. ಚೀಲಕ್ಕೆ ಮೀಸೆಯ ಹಾಗೆ ಕರಿ ಪುಡಿ ಅಂಟಿದರೆ ನೆಲ ಗದ್ದಲದ್ದು. ಅಲ್ಲೊಂದು ಇಲ್ಲೊಂದು ಕಣ ಅಂಟಿದರೆ ನಡುವಣದ್ದು. ಏನೂ ಅಂಟದಿದ್ದರೆ ಇವತ್ತು ನಿಮ್ಮ ಅದೃಷ್ಟ ಚೆನ್ನಾಗಿದೆ. ಬದುವಿನ ಹತ್ತಿರ, ಹೊಲದ ನಡುವೆ, ನೀರು ನಿಲ್ಲುವ ತಗ್ಗಿನಲ್ಲಿ, ಹೀಗೆ ಮೂರು ಕಡೆ ಎಳೆದು ನೋಡಿ. ಒಂದೇ ಹೊಲದಲ್ಲಿ ಮಣ್ಣು ಮೂರು ತರಹ ಇರುವುದು ನಮ್ಮಲ್ಲಿ ಮಾಮೂಲು.

ಗ್ರೌಂಡ್ ಬ್ಯಾಲೆನ್ಸ್: ಇದನ್ನು ಬಿಟ್ಟರೆ ಏನೂ ಇಲ್ಲ

ಗ್ರೌಂಡ್ ಬ್ಯಾಲೆನ್ಸ್ ಅಂದರೆ ಈ ನೆಲದ ಗದ್ದಲ ಹೀಗಿದೆ, ಇದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಯಂತ್ರಕ್ಕೆ ತಿಳಿಸುವುದು. ಮೊದಲು ಲೋಹ ಇಲ್ಲದ ಜಾಗ ಹುಡುಕಿ. ಕಾಲಲ್ಲಿ ಕಬ್ಬಿಣದ ಮೊಳೆ ಇರುವ ಚಪ್ಪಲಿ ಬೇಡ. ಕೈಯ ಖಡೆ, ಕಿಸೆಯ ಮೊಬೈಲ್ ತೆಗೆದಿಡಿ. ಕಾಯಿಲ್ ಅನ್ನು ನೆಲದಿಂದ ನಾಲ್ಕು ಬೆರಳಿನಿಂದ ಒಂದು ಗೇಣಿನವರೆಗೆ ಮೇಲೆ ಕೆಳಗೆ ನಿಧಾನ ಆಡಿಸಿ. ತಾನೇ ಹೊಂದಿಸಿಕೊಳ್ಳುವ ಯಂತ್ರವಾದರೆ ಗುಂಡಿ ಒತ್ತಿ ಹಿಡಿದು ಆಡಿಸಿದರೆ ಸಾಕು. ಕೈಯಲ್ಲೇ ಹೊಂದಿಸುವುದಾದರೆ, ಕಾಯಿಲ್ ಇಳಿದಾಗಲೂ ಎತ್ತಿದಾಗಲೂ ಸದ್ದು ಒಂದೇ ಸಮ ಇರುವವರೆಗೆ ಅಂಕಿ ಬದಲಿಸಿ.

ಹೊಸಬರು ಇದನ್ನು ಬೆಳಿಗ್ಗೆ ಒಮ್ಮೆ ಮಾಡಿ ಸಂಜೆವರೆಗೂ ಅದರಲ್ಲೇ ಹುಡುಕುತ್ತಾರೆ. ಮಣ್ಣಿನ ಬಣ್ಣ ಬದಲಾದರೆ ಮತ್ತೆ ಮಾಡಿ. ನೀರು ಹಾಯಿಸಿದ ಸಾಲಿಗೆ ಬಂದರೆ ಮತ್ತೆ ಮಾಡಿ. ಬಿಸಿಲೇರಿ ಯಂತ್ರ ಕಾದರೆ ಮತ್ತೊಮ್ಮೆ.

ಆಮೇಲೆ ಸೆನ್ಸಿಟಿವಿಟಿ, ಅಂದರೆ ಯಂತ್ರ ಎಷ್ಟು ಸಣ್ಣ ದನಿಗೂ ಕಿವಿಗೊಡಬೇಕು ಎಂಬ ಅಳತೆ. ಅದನ್ನು ಪೂರ್ತಿ ಏರಿಸಿದರೆ ಜಾಸ್ತಿ ಆಳ ಸಿಗುತ್ತದೆ ಅಂತ ಅನಿಸುವುದು ಸಹಜ. ಎರೆಯಲ್ಲೂ ಜಂಬಿಟ್ಟಿಗೆಯಲ್ಲೂ ಅದು ತಲೆಕೆಳಗು. ಏರಿಸಿದಷ್ಟೂ ಮಣ್ಣಿನ ಗದ್ದಲವೇ ಏರುತ್ತದೆ. ಯಂತ್ರ ಸುಮ್ಮನಾಗುವವರೆಗೆ ಇಳಿಸಿ, ಅಲ್ಲಿಂದ ಕೆಲಸ ಶುರು ಮಾಡಿ. ಪಂಪ್‌ಸೆಟ್ ಅಥವಾ ಕರೆಂಟ್ ತಂತಿ ಹತ್ತಿರ ಇದ್ದರೂ ಯಂತ್ರ ಪಟಪಟ ಅನ್ನುತ್ತದೆ. ಕಾಯಿಲ್ ಅನ್ನು ಗಾಳಿಯಲ್ಲಿ ಅಲುಗದಂತೆ ಹಿಡಿದಾಗಲೂ ಸದ್ದು ಬಂದರೆ ಅದು ಮಣ್ಣಿನದಲ್ಲ, ಕರೆಂಟಿನದು. ಮೋಟಾರು ಬಂದ್ ಮಾಡಿಸಿ, ಇಲ್ಲವೇ ಯಂತ್ರದ ಫ್ರೀಕ್ವೆನ್ಸಿ (ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸುತ್ತದೆ ಎಂಬ ಲೆಕ್ಕ) ಬದಲಿಸಿ.

ಕಾಯಿಲ್ ವಿಷಯದಲ್ಲೂ ದೊಡ್ಡದೇ ಒಳ್ಳೆಯದು ಅನ್ನುವ ನಂಬಿಕೆ ಇದೆ. ದೊಡ್ಡ ಕಾಯಿಲ್ ಒಮ್ಮೆಗೆ ಜಾಸ್ತಿ ಮಣ್ಣನ್ನು ನೋಡುತ್ತದೆ, ಹಾಗಾಗಿ ಗದ್ದಲವೂ ಜಾಸ್ತಿ. ಎರೆ ಹೊಲದಲ್ಲಿ ನಾನು ಬಳಸುವುದು ಒಂದು ಗೇಣಿಗಿಂತ ಸಣ್ಣದಾದ ಡಬಲ್ ಡಿ ಕಾಯಿಲ್, ಅಂದರೆ ಎರಡೂ ಸುತ್ತುಗಳು ಇಂಗ್ಲಿಷಿನ D ಅಕ್ಷರದ ಆಕಾರದಲ್ಲಿರುವ ಕಾಯಿಲ್. ಮಸಾರಿಯಲ್ಲಿ ಬೇಕಾದರೆ ದೊಡ್ಡದು ಹಾಕುತ್ತೇನೆ. ಪಲ್ಸ್ ಇಂಡಕ್ಷನ್ ಎಂಬ ಇನ್ನೊಂದು ಬಗೆಯ ಯಂತ್ರ ಗದ್ದಲದ ನೆಲವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಕಬ್ಬಿಣ ಯಾವುದು, ಬಂಗಾರ ಯಾವುದು ಎಂದು ಸರಿಯಾಗಿ ಬೇರ್ಪಡಿಸುವುದಿಲ್ಲ. ಮೊಳೆ, ಬೋಲ್ಟ್ ತುಂಬಿದ ಹೊಲದಲ್ಲಿ ಅದನ್ನು ಹಿಡಿದರೆ ದಿನವಿಡೀ ಅಗೆಯುವುದೇ ಆಗುತ್ತದೆ.

ಒಡವೆಯ ಸ್ವಭಾವ

ಬಂಗಾರ ಅಂದರೆ ಯಂತ್ರಕ್ಕೆ ಬಲು ಸುಲಭ ಅಂತ ಜನ ತಿಳಿದಿದ್ದಾರೆ. ಯಂತ್ರದ ಪರದೆಯ ಮೇಲೆ ಸಣ್ಣ ಬಂಗಾರದ ಒಡವೆ ಕೊಡುವ ಅಂಕಿಯೂ ಅಲ್ಯುಮಿನಿಯಂ ಹಾಳೆಯ ಚೂರು ಕೊಡುವ ಅಂಕಿಯೂ ಹೆಚ್ಚುಕಡಿಮೆ ಒಂದೇ. ನಮ್ಮ ತೊಗರಿ ಹೊಲದ ತುಂಬ ಅಂಥ ಚೂರುಗಳೇ. ಕೀಟನಾಶಕದ ಬಾಟಲಿ ತೆರೆಯುವಾಗ ಹರಿದು ಒಗೆಯುವ ಬೆಳ್ಳಿ ಬಣ್ಣದ ಮುಚ್ಚಳ ಹಾಳೆ, ಮಾತ್ರೆಯ ಚೀಟಿ, ಸಿಗರೇಟಿನ ಹಾಳೆ. ಇವು ಬೇಡವೆಂದು ಡಿಸ್ಕ್ರಿಮಿನೇಷನ್ ಹಾಕಿ ಬಾಯಿ ಮುಚ್ಚಿಸಿದರೆ ಝುಮಕಿಯ ಬಾಯಿಯೂ ಮುಚ್ಚುತ್ತದೆ. ಹಾಗಾಗಿ ಬಂಗಾರ ಹುಡುಕುವಾಗ ಕಬ್ಬಿಣವನ್ನಷ್ಟೇ ಬಿಡಿ, ಉಳಿದದ್ದನ್ನೆಲ್ಲ ಅಗೆಯಿರಿ. ಬೇರೆ ದಾರಿ ಇಲ್ಲ.

ಇಡೀ ಉಂಗುರ ಚೆನ್ನಾಗಿ ಕೂಗುತ್ತದೆ, ಯಾಕೆಂದರೆ ವಿದ್ಯುತ್ ಸುಳಿಗೆ ಸುತ್ತ ಹರಿಯಲು ದಾರಿ ಇದೆ. ಮುರಿದ ಉಂಗುರದ್ದು ಸಣ್ಣ ದನಿ. ಎಳೆ ಚೈನು ಎಲ್ಲಕ್ಕಿಂತ ಕಷ್ಟ. ಹತ್ತು ಗ್ರಾಮಿನ ಚೈನಾದರೂ ಯಂತ್ರಕ್ಕೆ ಅದು ಒಂದೊಂದೇ ಸಣ್ಣ ಕೊಂಡಿಯಾಗಿ ಕಾಣುತ್ತದೆ. ಚೈನು ಹುಡುಕುವಾಗ ತಾಳಿ, ಪದಕ, ಕೊಕ್ಕೆ ಇಂಥ ಗಟ್ಟಿ ಭಾಗದ ಮೇಲೆ ಆಸೆ ಇಡಬೇಕು. ಇಂಥದ್ದಕ್ಕೆ ಹೆಚ್ಚಿನ ಫ್ರೀಕ್ವೆನ್ಸಿ ವಾಸಿ, 15 ಕಿಲೋಹರ್ಟ್ಸ್‌ಗಿಂತ ಮೇಲಿನದು. ಬೆಳ್ಳಿಯ ಕಾಲುಂಗುರ, ಕಡಗ ಹುಡುಕುವುದು ಸಲೀಸು, ಅಂಕಿ ಮೇಲಿರುತ್ತದೆ.

ನೆಲದ ವಯಸ್ಸು

ಮಣ್ಣು ಒಂದೇ ಆದರೂ ಜಾಗದ ವಯಸ್ಸು ಬೇರೆಯಾದರೆ ಹುಡುಕಾಟವೇ ಬೇರೆ.

ನಿನ್ನೆ ಮೊನ್ನೆ ಬಿದ್ದ ಒಡವೆ ಮಣ್ಣಿನ ಮೇಲೇ ಇರುತ್ತದೆ, ಇಲ್ಲ ಬಿರುಕಿನಲ್ಲಿ. ಇಂಥ ಹೊಲದಲ್ಲಿ ಮೊದಲ ಕೆಲಸ ಟ್ರ್ಯಾಕ್ಟರ್ ನಿಲ್ಲಿಸುವುದು. ಕುಂಟೆ, ರಂಟೆ ಹೊಡೆದ ಮೇಲೆ ವಸ್ತು ಉಳುಮೆಯ ಪದರದಲ್ಲಿ ಮೇಲೆ ಕೆಳಗೆ ತಿರುಗುತ್ತದೆ, ಸಾಲಿನುದ್ದಕ್ಕೆ ಎಳೆದುಕೊಂಡೂ ಹೋಗುತ್ತದೆ. ರೋಟಾವೇಟರ್ ಹೊಡೆದರೆ ಚೈನು ತುಂಡು ತುಂಡು. ಐದಾರು ವರ್ಷದ ಹಿಂದೆ ಕಳೆದದ್ದಾದರೆ ಬಿದ್ದ ಜಾಗದಿಂದ ಉಳುಮೆಯ ದಿಕ್ಕಿನಲ್ಲಿ ಆಚೆ ಈಚೆ ದೂರದವರೆಗೆ ಹುಡುಕಿ. ಅಡ್ಡಕ್ಕೆ ಅಷ್ಟು ಬೇಡ.

ಕಣ ಮಾಡುತ್ತಿದ್ದ ಜಾಗ, ತಿಪ್ಪೆ, ಬಿಟ್ಟುಹೋದ ಹಾಳೂರು ಇನ್ನೊಂದು ಲೋಕ. ಇಲ್ಲಿ ತಲೆಮಾರುಗಳ ಮೊಳೆ, ಬಂಡಿಯ ಪಟ್ಟಿ, ಎತ್ತಿನ ಲಾಳ, ಕುಡುಗೋಲಿನ ತುಂಡು ಮಣ್ಣಲ್ಲಿವೆ. ಕಬ್ಬಿಣ ಕೊಳೆಯುತ್ತ ತುಕ್ಕು ಸುತ್ತಲಿನ ಮಣ್ಣಿಗೆ ಹರಡುತ್ತದೆ, ಹಸಿ ನೆಲದಲ್ಲಿ ಆ ಕಲೆಯೂ ಸದ್ದಿಗೆ ಸೇರಿ ಮೊಳೆ ಇದ್ದದ್ದಕ್ಕಿಂತ ದೊಡ್ಡದಾಗಿ ಕೇಳಬಹುದು. ಬಂಗಾರಕ್ಕೆ ತುಕ್ಕಿಲ್ಲ. ನೂರು ವರ್ಷ ಇದ್ದರೂ ಅದರ ದನಿ ಬೆಳೆಯುವುದಿಲ್ಲ. ಒಂದು ಮೊಳೆಯ ಪಕ್ಕ ಓಲೆ ಬಿದ್ದರೆ ಮೊಳೆಯ ದನಿ ಓಲೆಯನ್ನು ನುಂಗುತ್ತದೆ. ಇಲ್ಲಿ ಅತಿ ಸಣ್ಣ ಕಾಯಿಲ್ ಹಾಕಿ, ಬಲು ನಿಧಾನ ಆಡಿಸಿ, ಒಂದೇ ಜಾಗವನ್ನು ಎರಡು ದಿಕ್ಕಿನಿಂದ ನೋಡಿ.

ಬೆಂಕಿಯ ಜಾಗವನ್ನೂ ಗುರುತು ಹಿಡಿಯಲು ಕಲಿಯಿರಿ. ಒಲೆ, ಇಟ್ಟಿಗೆ ಭಟ್ಟಿ, ಕಮ್ಮಾರನ ಕುಲುಮೆ ಇದ್ದ ಕಡೆ ಮಣ್ಣು ಚೆನ್ನಾಗಿ ಸುಟ್ಟಿರುತ್ತದೆ. ಮಣ್ಣಲ್ಲಿದ್ದ ಕಬ್ಬಿಣದ ಅಂಶ ಆ ಬಿಸಿಗೆ ಬದಲಾಗಿ ಹೆಚ್ಚು ಕಾಂತದ ಗುಣ ಪಡೆಯುತ್ತದೆ. ಹೊಲದ ಉಳಿದ ಭಾಗ ಶಾಂತವಾಗಿದ್ದು ಒಂದು ಹಾಸಿಗೆಯಷ್ಟು ಜಾಗ ಮಾತ್ರ ಗೊಣಗಿದರೆ ಅಲ್ಲಿ ಹಿಂದೆ ಬೆಂಕಿ ಉರಿದಿರಬಹುದು. ಹೆಂಚಿನ ಚೂರು, ಬೂದಿ ಕಣ್ಣಿಗೆ ಬೀಳುತ್ತದೆಯೇ ನೋಡಿ. ಹಳೆಯ ಹಗೇವು (ಕಾಳು ಕೂಡಿಡುತ್ತಿದ್ದ ನೆಲದೊಳಗಿನ ಕುಣಿ) ಮುಚ್ಚಿದ ಜಾಗದಲ್ಲೂ ತುಂಬಿದ ಮಣ್ಣು ಬೇರೆಯಾದ್ದರಿಂದ ಸದ್ದು ಬದಲಾಗುತ್ತದೆ. ಅದನ್ನು ನೋಡಿ ಕೆಳಗೆ ಏನೋ ಇದೆ ಎಂದು ಅಗೆಯಲು ಹೋಗುವವರು ಬಹಳ. ಮುಚ್ಚಿದ ಹಗೇವು ಕುಸಿಯುವ ಜಾಗ, ಅದರ ಮೇಲೆ ನಿಲ್ಲುವುದೂ ಅಪಾಯ.

ನಾಣ್ಯಗಳಿಂದ ಜಾಗದ ವಯಸ್ಸು ಸ್ವಲ್ಪ ತಿಳಿಯುತ್ತದೆ. ಈಗಿನ ಒಂದು, ಎರಡು ರೂಪಾಯಿಯ ಸ್ಟೀಲ್ ನಾಣ್ಯ ಅಯಸ್ಕಾಂತಕ್ಕೆ ಅಂಟುತ್ತದೆ, ಯಂತ್ರವೂ ಕಬ್ಬಿಣದ ಜಾತಿಗೆ ಸೇರಿಸುತ್ತದೆ. ಅಲ್ಯುಮಿನಿಯಂನ ಹಗುರ ಇಪ್ಪತ್ತು ಪೈಸೆ ಸಿಕ್ಕರೆ ನಮ್ಮ ಅಪ್ಪಂದಿರ ಕಾಲ. 1948ರವರೆಗೆ ಈ ಭಾಗ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು, ಆ ರಾಜ್ಯದ್ದೇ ನಾಣ್ಯವಾದ ಹಾಲಿ ಸಿಕ್ಕಾ ನಡೆಯುತ್ತಿತ್ತು. ಅಂಥ ನಾಣ್ಯ ಒಂದು ಸಿಕ್ಕರೂ ನಾನು ಅಗೆಯುವುದನ್ನು ನಿಲ್ಲಿಸಿ ಹೊಲದವರನ್ನು ಕರೆಯುತ್ತೇನೆ.

ಯಂತ್ರ ಇಳಿಸಬಾರದ ಜಾಗಗಳು

ಮಳಖೇಡ ರಾಷ್ಟ್ರಕೂಟರ ರಾಜಧಾನಿ. 1347ರಿಂದ ಕಲಬುರಗಿ, ಆಮೇಲೆ ಬೀದರ್ ಬಹಮನಿಗಳ ರಾಜಧಾನಿ. ಸುರಪುರ ಸೀಮೆಯ ಬೂದಿಹಾಳ, ಕೊಡೇಕಲ್‌ನ ಬೂದಿದಿಬ್ಬಗಳು ಸಾವಿರಾರು ವರ್ಷಗಳ ಹಿಂದಿನ ದನಗಾಹಿಗಳು ಸಗಣಿ ಸುಟ್ಟು ಬಿಟ್ಟವು. ಭೀಮಾ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ, ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪವೇ ಸಿಕ್ಕಿದೆ. ಇಂಥ ನೆಲದಲ್ಲಿ ಒಂದು ಸೀಸದ ನಾಣ್ಯ ಯಾವ ಪದರದಲ್ಲಿ, ಯಾವ ಕಲ್ಲಿನ ಪಕ್ಕ ಇತ್ತು ಎಂಬುದೇ ಅದರ ಬೆಲೆ. ಕಿತ್ತು ಕಿಸೆಗೆ ಹಾಕಿದರೆ ಕೈಯಲ್ಲಿ ಸೀಸದ ಚೂರು ಉಳಿಯುತ್ತದೆ, ಊರಿನ ಕಥೆ ಹೋಗುತ್ತದೆ.

ಸಂರಕ್ಷಿತ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಅಪರಾಧ. 2010ರ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಾನಂತೂ ಆ ಗೆರೆಯೊಳಗೆ ಯಂತ್ರ ಹೊರಗೇ ತೆಗೆಯುವುದಿಲ್ಲ. ಸ್ವಂತ ಹೊಲದಲ್ಲೇ ಹುದುಗಿದ ಹಳೆಯ ಬೆಲೆಬಾಳುವ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿ ತೋರಿಸಿ ಅಂತ ರಾತ್ರಿ ಕರೆಯುವವರಿಗೆ ನಾನು ಒಂದೇ ಮಾತು ಹೇಳುವುದು, ಬರುವುದಿಲ್ಲ.

ಹುಡುಕುವ ದಿನ

ಯಂತ್ರಕ್ಕಿಂತ ಮೊದಲು ಕಳೆದುಕೊಂಡವರ ಜೊತೆ ಕೂತು ಮಾತಾಡಿ. "ಅಕ್ಕಾ, ಊಟಕ್ಕೆ ಎಲ್ಲಿ ಕುಂತಿದ್ರಿ? ತಲಿಮ್ಯಾಗಿನ ಸೆರಗು ಎಲ್ಲಿ ಬಿಚ್ಚಿ ಕಟ್ಟಿದ್ರಿ? ಸಿವುಡು ಯಾವ ಕಡಿ ಹೊತ್ರಿ?" ಎಂದು ಕೇಳಿ. ಓಲೆ ಬೀಳುವುದು ಸಾಮಾನ್ಯವಾಗಿ ಸೆರಗು ಸಿಕ್ಕಿಕೊಂಡಾಗ, ಹೊರೆ ಎತ್ತುವಾಗ. ಅವರು ಅಳುತ್ತಿದ್ದರೆ ಅವಸರ ಮಾಡಬೇಡಿ. ನೀರು ಕುಡಿದು ಸಮಾಧಾನವಾದ ಮೇಲೆ ನೆನಪು ತಾನೇ ಬರುತ್ತದೆ. ಜೋಡಿಯ ಇನ್ನೊಂದು ಓಲೆ ಇದ್ದರೆ ಕೇಳಿ ಪಡೆಯಿರಿ. ಅದನ್ನು ದಾರಕ್ಕೆ ಕಟ್ಟಿ ಅದೇ ಮಣ್ಣಲ್ಲಿ ಮೊದಲು ಎರಡು ಬೆರಳು, ಆಮೇಲೆ ನಾಲ್ಕು, ಆಮೇಲೆ ಎಂಟು ಬೆರಳು ಆಳದಲ್ಲಿ ಇಟ್ಟು ಕೇಳಿ. ನಿಮ್ಮ ಯಂತ್ರ ಇವತ್ತು ಈ ಹೊಲದಲ್ಲಿ ಎಷ್ಟು ಆಳ ಹಿಡಿಯುತ್ತದೆ, ಯಾವ ಅಂಕಿ ತೋರಿಸುತ್ತದೆ ಎಂಬುದು ಇದರಲ್ಲೇ ತಿಳಿಯುತ್ತದೆ. ಪುಸ್ತಿಕೆಯಲ್ಲಿ ಬರೆದ ಆಳವನ್ನು ಮರೆತುಬಿಡಿ.

ಜಾಗ ಗೊತ್ತಾದ ಮೇಲೆ ಸುತಳಿ ಕಟ್ಟಿ ಎರಡು ಮೊಳದ ಪಟ್ಟಿಗಳನ್ನಾಗಿ ಮಾಡಿಕೊಳ್ಳಿ. ಕಾಯಿಲ್ ನೆಲಕ್ಕೆ ತಾಗುವಷ್ಟು ಹತ್ತಿರ, ಉದ್ದಕ್ಕೂ ಒಂದೇ ಎತ್ತರದಲ್ಲಿ ಸಾಗಲಿ. ತುದಿಯಲ್ಲಿ ಮೇಲಕ್ಕೆತ್ತುವ ಅಭ್ಯಾಸ ಬೇಡ. ಪ್ರತಿ ಆಟವೂ ಹಿಂದಿನದರ ಅರ್ಧದ ಮೇಲೆ ಹಾಯಲಿ. ತೊಗರಿ ಕಟಗಿ ಅಡ್ಡ ಬಂದರೆ ಕಿತ್ತು ತೆಗೆಯಿರಿ. ಅವುಗಳ ಮೇಲೆ ಆಡಿಸಿದರೆ ಮೂರು ಬೆರಳು ಆಳ ಸುಮ್ನೆ ಹೋಗುತ್ತದೆ. ಸದ್ದು ಬಂದರೆ ಅಡ್ಡಕ್ಕೂ ಉದ್ದಕ್ಕೂ ನೋಡಿ. ಎರಡೂ ಕಡೆಯಿಂದ ಒಂದೇ ಜಾಗದಲ್ಲಿ ಕೂಗಿದರೆ ವಸ್ತು ಇದೆ. ಒಂದು ಕಡೆಯಿಂದ ಮಾತ್ರ ಬಂದು, ಇನ್ನೊಂದು ಕಡೆಯಿಂದ ಕರಗಿದರೆ ಬಹುಶಃ ಮಣ್ಣು. ಆದರೂ ಮೇಲಿನ ನಾಲ್ಕು ಬೆರಳು ಮಣ್ಣು ಸರಿಸಿ ಮತ್ತೊಮ್ಮೆ ಕೇಳಿ.

ಬಿರುಕು ಇರುವ ಎರೆಯಲ್ಲಿ ಹೀಗೆ ಮೇಲಿಂದ ನೋಡಿದ್ದು ಸಾಲದು. ಬಿರುಕಿನುದ್ದಕ್ಕೆ ಒಂದು ಪಿನ್‌ಪಾಯಿಂಟರ್ ಇಳಿಸಿ. ಅಂದರೆ ಟಾರ್ಚಿನಷ್ಟು ಗಾತ್ರದ ಸಣ್ಣ ಡಿಟೆಕ್ಟರ್. ಅದರಲ್ಲೂ ಸಿಗದಿದ್ದರೆ ಬಿರುಕಿನ ಎರಡೂ ಅಂಚನ್ನು ಒಂದು ಅಂಗೈ ಅಗಲ ಕೆತ್ತಿ, ಮಣ್ಣನ್ನು ಪಕ್ಕದ ತಾಡಪತ್ರಿಯ ಮೇಲೆ ಹಾಕಿ. ತಾಡಪತ್ರಿಯ ಮೇಲಿನ ಮಣ್ಣಿಗೆ ಯಂತ್ರ ಹಿಡಿಯಿರಿ. ಬುಡ ಸಿಗುವವರೆಗೆ ಪದರು ಪದರಾಗಿ ಹೀಗೆ ಇಳಿಯಬೇಕು. ಸಂಜೆ ಹೊರಡುವ ಮುಂಚೆ ಎಲ್ಲ ಕುಣಿ ಮುಚ್ಚಿ, ಅಗೆದ ಹಾಳೆ ಚೂರು, ಮೊಳೆಗಳನ್ನು ಚೀಲಕ್ಕೆ ತುಂಬಿ ಒಯ್ಯಿರಿ. ಎತ್ತಿನ ಕಾಲಿಗೆ ಮೊಳೆ ಚುಚ್ಚಬಾರದು.

ಅತ್ತಿಗೆಯ ಝುಮಕಿಗೆ ನಾವು ಮಾಡಿದ್ದೂ ಇದನ್ನೇ, ಮರುವರ್ಷ ಬೇಸಿಗೆಯಲ್ಲಿ. ಅಷ್ಟರಲ್ಲಿ ನಾನು ಮಣ್ಣು ಕಲಿತಿದ್ದೆ. ಬೇವಿನ ಗಿಡದ ಬುಡದಲ್ಲಿ ಬುತ್ತಿ ಬಿಚ್ಚಿದ್ದು ಅವರಿಗೆ ನೆನಪಿತ್ತು. ಗಿಡದ ಪಕ್ಕದ ನೆಲ ಮುಂಚಿನ ಹಾಗೇ ಬಿರಿದಿತ್ತು, ಬದುವಿನ ಅಂಚಾದ್ದರಿಂದ ರಂಟೆಯೂ ಹಾದಿರಲಿಲ್ಲ. ಜೋಡಿಯ ಝುಮಕಿ ಇಟ್ಟು ನೋಡಿದರೆ ಆ ಮಣ್ಣಲ್ಲಿ ಯಂತ್ರ ಆರು ಬೆರಳಿಗಿಂತ ಕೆಳಗೆ ಕೇಳುತ್ತಿರಲಿಲ್ಲ. ಹಾಗಾಗಿ ಆರು ಆರು ಬೆರಳಿನ ಪದರು ತೆಗೆದೆವು. ಮೂರನೆಯ ಪದರಿನ ಮಣ್ಣು ತಾಡಪತ್ರಿಗೆ ಬಿದ್ದಾಗ ಯಂತ್ರ ಒಮ್ಮೆ ಸಣ್ಣಗೆ ಕೂಗಿತು. ಅತ್ತಿಗೆ ಹೆಂಟೆಯನ್ನು ಅಂಗೈಯಲ್ಲಿ ಪುಡಿ ಮಾಡಿದರು. ಕೆಳಗಿನ ಮೂರು ಗುಂಡು ಮಾತ್ರ ಉದುರಿದ್ದವು.